ಗುರುವಾರದ ಹಾಜರಿ

ನನ್ನ ಹೆಸರು ಕುಲ್ಸುಮಬಿ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತುಂಬು ಬಿಡಿಸುತ್ತೇನೆ. ತುಂಬು ಅಂದರೆ ತೊಟ್ಟು. ನೀವು ಸಾರಿಗೆ ಹಾಕುವ ಕೆಂಪು ಪುಡಿಯಲ್ಲಿ ತೊಟ್ಟು ಇರುವುದಿಲ್ಲವಲ್ಲ, ಅದು ತಾನಾಗಿ ಉದುರಿದ್ದಲ್ಲ. ನಮ್ಮ ಹೆಬ್ಬೆರಳಿನ ಉಗುರು ಅದನ್ನು ಕಿತ್ತದ್ದು.

ನನಗೆ ಹುಚ್ಚಿ ಎಂದೂ ಹೆಸರಿತ್ತು. ಈಗಲೂ ಕೆಲವರು ಹಾಗೇ ಕರೆಯುತ್ತಾರೆ. ಕರೆಯಲಿ. ನನಗೆ ಸಿಟ್ಟು ಬಂದದ್ದು ಆ ಹೆಸರಿಗಲ್ಲ. ಒಂದು ಹಾಜರಿ ಪುಸ್ತಕದಲ್ಲಿ ನನ್ನ ಹೆಸರಿನ ಮುಂದೆ ಬರೆದಿದ್ದ ಎರಡು ಶಬ್ದಕ್ಕೆ. ‘ಆಸಕ್ತಿ ಇಲ್ಲ.’ ಆ ಸಿಟ್ಟು ಇನ್ನೂ ಇಳಿದಿಲ್ಲ. ಇಳಿಯುವುದು ಬೇಕಾಗಿಯೂ ಇಲ್ಲ.

ಹಾವೇರಿ ಆಗ ಇನ್ನೂ ಜಿಲ್ಲೆಯಾಗಿರಲಿಲ್ಲ. ನನ್ನ ಎರಡನೇ ಕೂಸು ನಲವತ್ತನೇ ದಿನದ ಸ್ನಾನಕ್ಕೂ ಮೊದಲೇ ತೀರಿಕೊಂಡಿತು. ಆಮೇಲೆ ನನ್ನ ನಿದ್ದೆ ಹೋಯಿತು. ತಲೆಯೊಳಗೆ ಒಬ್ಬಳು ಕುಳಿತು ಮಾತಾಡತೊಡಗಿದಳು. ಹಾಲು ಕೊಡು, ಹಾಲು ಕೊಡು ಅನ್ನುತ್ತಿದ್ದಳು. ಕೂಸೇ ಇಲ್ಲ, ಯಾರಿಗೆ ಕೊಡಲಿ? ರೈಲು ಹಳಿಯ ಮೇಲೆ ಎರಡು ಸಲ ಹೋಗಿ ಕುಳಿತೆನಂತೆ. ನನ್ನ ಗಂಡ ನಬಿಸಾಬ ಹೊತ್ತುಕೊಂಡು ಬಂದ. ಅವನು ಮೆಣಸಿನಕಾಯಿ ಪೇಟೆಯ ಹಮಾಲ. ದಿನಾ ಚೀಲ ಹೊರುವವನಿಗೆ ನಾನೇನು ಭಾರ? ಮೂರನೇ ಸಲ ಹೊರಲಿಲ್ಲ, ಕಟ್ಟಿಹಾಕಿದ. ಚಕ್ಕಡಿಯ ಹಗ್ಗ. ನನ್ನ ಎಡಗಾಲು. ಪಡಸಾಲೆಯ ಕಂಬ. ಹನ್ನೊಂದು ದಿನ ಊಟ, ಉಚ್ಚೆ, ನಿದ್ದೆ ಎಲ್ಲವೂ ಆ ಹಗ್ಗದ ಉದ್ದದೊಳಗೆ ನಡೆದವು. ಅವನು ಕೆಟ್ಟವನಲ್ಲ. ಕಟ್ಟುವಾಗ ಅತ್ತನಂತೆ. ಆದರೆ ಅತ್ತು ಕಟ್ಟಿದರೂ ಹಗ್ಗ ಹಗ್ಗವೇ.

ಹನ್ನೆರಡನೇ ದಿನ ಗುತ್ತೆವ್ವ ಬಂದಳು. ಕೆಲಸದಲ್ಲಿ ನನ್ನ ಪಕ್ಕ ಕೂಡುವವಳು. ನನಗಿಂತ ಹತ್ತು ವರ್ಷ ದೊಡ್ಡವಳು. ಹೊಸ್ತಿಲ ಹೊರಗೇ ನಿಂತು ನನ್ನ ಅತ್ತೆ ರಸೂಲಬಿಗೆ ಹೇಳಿದಳು.

"ದರ್ಗಾಕ್ಕ ಕರಕೊಂಡ ಹೋಗ್ರಿ, ನಾ ಬ್ಯಾಡನ್ನಂಗಿಲ್ಲ. ಆದ್ರ ಗುಳಿಗಿನೂ ನುಂಗಸ್ರಿ. ನಾ ಸುಗ್ಗಿ ಮುಗದಾಗಿಂದ ನುಂಗಾಕತ್ತೇನಿ. ಮೊದಲ ನನ್ನೂ ಹಿಂಗ ಕಟ್ಟಿದ್ರು."

ಅತ್ತೆ ಬಾಯಿ ತೆರೆದುಕೊಂಡು ನೋಡಿದಳು. ದಿನಾ ನಗುತ್ತ ಕೆಲಸ ಮಾಡುವ ಗುತ್ತೆವ್ವನಿಗೆ ಹುಚ್ಚೇ? ನನಗೂ ಅವತ್ತೇ ಗೊತ್ತಾದದ್ದು.

ಬಾಗಿಲ ಮೇಲೆ ‘ಮನೋಬಲ ಯೋಜನೆ’ ಎಂದು ಬರೆದ ಬಿಳಿ ಜೀಪೊಂದು ವಾರಕ್ಕೊಮ್ಮೆ ನಮ್ಮೂರಿಗೆ ಬರುತ್ತಿತ್ತು. ಮಂಗಳವಾರ ಹಾವೇರಿ, ಬುಧವಾರ ರಾಣೆಬೆನ್ನೂರು, ಗುರುವಾರ ಬ್ಯಾಡಗಿ. ಜನ ಅದನ್ನು ಹುಚ್ಚರ ಜೀಪು ಎನ್ನುತ್ತಿದ್ದರು. ಸ್ಟೇಷನ್ ರಸ್ತೆಯ ಒಂದು ಹಳೇ ಸಭಾಂಗಣದಲ್ಲಿ ಜಮಖಾನೆ ಹಾಸಿ ಹತ್ತು ಹನ್ನೆರಡು ಜನರನ್ನು ದುಂಡಗೆ ಕೂಡಿಸುತ್ತಿದ್ದರು. ಒಬ್ಬರು ಮಾತಾಡಬೇಕು, ಉಳಿದವರು ಕೇಳಬೇಕು. ನಡುವೆ ಪ್ರಭುಲಿಂಗಪ್ಪ ಸರ್. ಯೋಜನೆಯವರು ನೇಮಿಸಿದ ಸಲಹೆಗಾರರು. ಗುಂಪು ಮುಗಿದ ಮೇಲೆ ವಾರದ ಗುಳಿಗೆ ಕೊಡುತ್ತಿದ್ದರು. ಗುಂಪಿಗೆ ಕುಳಿತರೆ ಗುಳಿಗೆ. ಮೂರು ವಾರ ತಪ್ಪಿಸಿದರೆ ಪುಸ್ತಕದಿಂದ ಹೆಸರು ಕಡಿತ, ಗುಳಿಗೆ ಬಂದ್. ಅದು ಅವರ ಕಾನೂನು.

ಮೊದಲ ನಾಲ್ಕು ವಾರ ನಾನು ಬಾಯಿ ಬಿಡಲಿಲ್ಲ. ಐದನೇ ವಾರ ಅಂದೆ, "ಕೂಸು ಸತ್ತೈತ್ರಿ. ಆದ್ರ ಅದರ ಭಾರ ಕೈಯಾಗ ಹಂಗ ಐತಿ. ರೊಟ್ಟಿ ಬಡಿಯಾಕ ಕೂತ್ರೂ ಕೈ ಭಾರ." ಯಾರೂ ನಗಲಿಲ್ಲ. ಅಂದಾನೆಪ್ಪ ಎನ್ನುವ ಅರಿವೆ ಅಂಗಡಿಯವರು ಎದುರಿಗೆ ಕುಳಿತಿದ್ದರು. ದಿನಕ್ಕೆ ನೂರು ಸಲ ಕೈ ತೊಳೆಯುವ ರೋಗ ಅವರಿಗೆ. ಕೈ ಬೆಳ್ಳಗೆ ಬಿಳಿಚಿಕೊಂಡು ಬಿರಿದಿದ್ದವು. ಅವರೇ ಅಂದರು, "ಅಳು ತಂಗಿ. ಇಲ್ಲಿ ಅತ್ರ ಯಾರೂ ಯಾಕಂತ ಕೇಳಂಗಿಲ್ಲ." ನಾನು ಅತ್ತೆ. ಕೂಸು ಹೋದ ಮೇಲೆ ಅದೇ ಮೊದಲ ಸಲ ಸರಿಯಾಗಿ ಅತ್ತದ್ದು. ಅವತ್ತು ನಿದ್ದೆ ಬಂತು.

ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಆ ದುಂಡು ನನಗೆ ಬೇಕಾಗಿತ್ತು. ಗುಳಿಗೆಯಷ್ಟೇ ಬೇಕಾಗಿತ್ತು. ಆಸಕ್ತಿ ಇಲ್ಲವಂತೆ!

ಮಳೆಗಾಲ ಪೂರ್ತಿ ಚೆನ್ನಾಗಿ ನಡೆಯಿತು. ಆಮೇಲೆ ಮೆಣಸಿನಕಾಯಿ ಸುಗ್ಗಿ ಬಂತು.

ಸುಗ್ಗಿಯಲ್ಲಿ ಬ್ಯಾಡಗಿ ಅಂದರೆ ಏನು ಎಂದು ಬಂದವರಿಗೇ ಗೊತ್ತು. ರೈಲು ಇಳಿದ ಕೂಡಲೇ ಸೀನು. ಗೋದಾಮಿನಲ್ಲಿ ಆಳೆತ್ತರದ ರಾಶಿ. ಅದರ ಸುತ್ತ ನಾವು ಹದಿನಾಲ್ಕು ಹದಿನೈದು ಹೆಂಗಸರು. ಮೂಗಿಗೆ ಸೆರಗು, ಬಾಯಲ್ಲಿ ಎಲೆ ಅಡಿಕೆ. ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ ಒಂದೊಂದೇ ಕಾಯಿ ಎತ್ತಿ ತುಂಬು ಕೀಳುವುದು. ಮೂರು ದಿನಕ್ಕೆ ಹೆಬ್ಬೆರಳಿನ ಚರ್ಮ ಸುಲಿಯುತ್ತದೆ. ಹತ್ತು ದಿನಕ್ಕೆ ಬೆರಳಿನ ಗೆರೆಯೇ ಅಳಿಸುತ್ತದೆ. ಆ ಕೈಯಲ್ಲಿ ಕಣ್ಣು ಮುಟ್ಟುವಂತಿಲ್ಲ, ಕೂಸಿಗೆ ಮೊಲೆ ಕೊಡುವಂತಿಲ್ಲ. ಬಿಸಿನೀರು ಬಿದ್ದರಂತೂ ಕೈ ಉರಿದೆದ್ದುಬಿಡುತ್ತದೆ. ಎಣ್ಣೆ ಹಚ್ಚುತ್ತೇವೆ, ಮಜ್ಜಿಗೆಯಲ್ಲಿ ಅದ್ದುತ್ತೇವೆ. ಸ್ವಲ್ಪ ಕಡಿಮೆಯಾಗುತ್ತದೆ. ಘಾಟು ಮಾತ್ರ ಸುಗ್ಗಿ ಮುಗಿಯುವವರೆಗೆ ಮೈ ಬಿಡುವುದಿಲ್ಲ.

ಸುಗ್ಗಿಯ ಮೊದಲ ಗುರುವಾರ ಗುಂಪಿನ ಉಳಿದ ಕೂಲಿಯವರು ಬರಲಿಲ್ಲ, ಗುತ್ತೆವ್ವ ಮತ್ತು ನಾನು ಮಾತ್ರ ಗೋದಾಮಿನಿಂದ ನೇರ ಗುಂಪಿಗೆ ಹೋದೆವು. ಜಮಖಾನೆಯ ಮೇಲೆ ಕುಳಿತು ಎರಡು ನಿಮಿಷವಾಗಿರಲಿಲ್ಲ, ಒಬ್ಬರು ಸೀನಿದರು. ಪಕ್ಕದವರು ಸೀನಿದರು. ಆಮೇಲೆ ಇಡೀ ದುಂಡು. ಅಂದಾನೆಪ್ಪನವರು ಕರವಸ್ತ್ರ ಹಿಡಿದು ಎದ್ದು ನಿಂತರು.

"ಸರ್, ಇವರು ಇಲ್ಲಿ ಕುಂತ್ರ ನಾನು ಬರಂಗಿಲ್ಲ. ನನ್ನ ರೋಗ ಜಾಸ್ತಿ ಆಗತೈತಿ. ಘಾಟು ಒಂದ ಅಲ್ರಿ..." ಅಂದು ಮಾತು ಅಲ್ಲಿಗೇ ಬಿಟ್ಟರು.

ಘಾಟು ಒಂದೇ ಅಲ್ಲ, ಮತ್ತೇನು? ನಾನು ಸಾಬರಾಕಿ. ಗುತ್ತೆವ್ವ ಕೆಳಗಿನ ಓಣಿಯವಳು. ಬಿಟ್ಟ ಮಾತು ಎಲ್ಲರಿಗೂ ಕೇಳಿಸಿತು. ನನಗೆ ಅಳು ಅಂದಿದ್ದ ಅದೇ ಬಾಯಿ. ಅದೇ ನನಗೆ ಹೆಚ್ಚು ಚುಚ್ಚಿತು.

ಪ್ರಭುಲಿಂಗಪ್ಪ ಸರ್ ಯೋಚಿಸಿದರು. ಅವರ ತಲೆಯ ಮೇಲೆ ಗೋಡೆಗೆ ‘ಇಲ್ಲಿ ಎಲ್ಲರೂ ಸಮಾನರು’ ಎಂಬ ಹಲಗೆ ತೂಗುತ್ತಿತ್ತು. ಅದರ ಕೆಳಗೇ ಕುಳಿತು ಹೇಳಿದರು, "ನೋಡ್ರವ್ವಾ, ತಪ್ಪು ತಿಳ್ಕೋಬ್ಯಾಡ್ರಿ. ಸುಗ್ಗಿ ಮುಗಿಯೂತನಕ ನೀವಿಬ್ಬರು ಹೊರಗ ಕಟ್ಟಿ ಮ್ಯಾಲ ಕುಂದ್ರಿ. ಕಿಟಕಿ ತೆಗದ ಇಡತೇವಿ. ಎಲ್ಲಾ ಕೇಳತೈತಿ."

ಪುರಾಣ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ.

ಕಟ್ಟೆಯ ಮೇಲೆ ಕುಳಿತೆವು. ಕಿಟಕಿಯಿಂದ ಒಳಗಿನವರ ಬೆನ್ನು ಕಾಣುತ್ತಿತ್ತು. ಫ್ಯಾನಿನ ಸದ್ದಿನಲ್ಲಿ ಅರ್ಧ ಮಾತು ಕೇಳುತ್ತಿತ್ತು. ದುಂಡಿನಲ್ಲಿ ಸರದಿ ಬಲಗಡೆಯಿಂದ ಎಡಗಡೆಗೆ ತಿರುಗುತ್ತದೆ. ಕಿಟಕಿಗೆ ಬಲವೂ ಇಲ್ಲ, ಎಡವೂ ಇಲ್ಲ. ನಮ್ಮ ಸರದಿ ಬರಲೇ ಇಲ್ಲ. ರಸ್ತೆಯಲ್ಲಿ ಹೋಗುವವರು ಮಾತ್ರ ನಮ್ಮನ್ನು ಸರಿಯಾಗಿ ನೋಡುತ್ತಿದ್ದರು. ಒಳಗೆ ಕುಳಿತವರು ಯಾರೆಂದು ಊರಿಗೆ ಗೊತ್ತಾಗುತ್ತಿರಲಿಲ್ಲ. ಹುಚ್ಚರ ಜೀಪಿನ ಪಕ್ಕ ಹೊರಗೆ ಕುಳಿತ ನಾವಿಬ್ಬರೇ ಊರಿಗೆಲ್ಲ ಹುಚ್ಚರಾದೆವು.

ಇದನ್ನೂ ತಡೆದುಕೊಂಡೆವು. ತಡೆದುಕೊಳ್ಳಲಾಗದ್ದು ವಾರದ ಲೆಕ್ಕ.

ಬ್ಯಾಡಗಿಯ ಕೂಸಿಗೂ ಗೊತ್ತು, ಪೇಟೆ ಸೋಮವಾರ ಮತ್ತು ಗುರುವಾರ. ಆ ಎರಡು ದಿನವೇ ಗೋದಾಮಿನಲ್ಲಿ ಹೊಸ ರಾಶಿ ಬೀಳುವುದು. ರಾಶಿ ಬಿದ್ದಾಗ ಯಾರು ಕುಳಿತಿರುತ್ತಾರೋ ಅವರದೇ ಆ ರಾಶಿ. ನಡುವೆ ಎದ್ದರೆ ಜಾಗ ಹೋಯಿತು. ಎದ್ದವಳ ಜಾಗಕ್ಕೆ ಬಾಗಿಲಲ್ಲಿ ಕಾಯುತ್ತಿರುವ ಹತ್ತು ಜನರಲ್ಲಿ ಒಬ್ಬಳು ಕೂಡುತ್ತಾಳೆ. ಅವಳೂ ಹಸಿದವಳೇ, ಅವಳನ್ನು ಬೈಯುವಂತಿಲ್ಲ. ಗುರುವಾರ ಹನ್ನೊಂದಕ್ಕೆ ಗುಂಪಿಗೆ ಹೋದರೆ ಸೋಮವಾರದವರೆಗೆ ಕೆಲಸವಿಲ್ಲ. ಮನೆಯಲ್ಲಿ ನನ್ನ ದೊಡ್ಡ ಮಗಳು, ಅತ್ತೆ, ಸೊಂಟ ಹಿಡಿದುಕೊಂಡ ಗಂಡ.

ಪ್ರಭುಲಿಂಗಪ್ಪ ಸರ್ ಬೇಕೆಂದೇ ಗುರುವಾರ ಆರಿಸಿದ್ದರು. ಹೊರಗಿನವರು ಮಾಡುವ ತಪ್ಪು ಅದು. ಪೇಟೆಯ ದಿನ ಸುತ್ತಲಿನ ಹಳ್ಳಿಯ ಜನ ಬಸ್ಸು ತುಂಬ ಬರುತ್ತಾರೆ, ರೋಗಿಗಳಿಗೂ ಅನುಕೂಲ ಎಂದು ಅವರ ಎಣಿಕೆ. ಪೇಟೆಗೆ ಬಂದವರನ್ನು ಕಂಡರು. ಪೇಟೆ ನಡೆಸುವವರು ಕಣ್ಣಿಗೆ ಬೀಳಲಿಲ್ಲ.

ನಾನು ಹೋಗಿ ಹೇಳಿದೆ. "ಸರ್, ವಾರ ಬದಲಿ ಮಾಡ್ರಿ. ಸೋಮವಾರದ ರಾಶಿ ಬುಧವಾರ ಮಧ್ಯಾನಕ್ಕ ಮುಗೀತೈತಿ. ಅವತ್ತ ನಾವೆಲ್ಲ ಖಾಲಿ."

"ಬುಧವಾರ ರಾಣೆಬೆನ್ನೂರಿನ ಸರದಿ ಐತಿ. ನಿಮ್ಮಿಬ್ಬರ ಸಲುವಾಗಿ ಜೀಪು ತಿರುಗಸಾಕ ಆಗತೈತೇನು? ನಿಮಗ ಆರೋಗ್ಯ ದೊಡ್ಡದೋ ಕೆಲಸ ದೊಡ್ಡದೋ, ನೀವ ಯೋಚನಿ ಮಾಡ್ರಿ."

ಹೊಟ್ಟೆ ತುಂಬಿದವರು ಕೇಳುವ ಪ್ರಶ್ನೆ ಇದು.

ಗೋದಾಮಿನಲ್ಲಿ ನಮ್ಮನ್ನು ಕೆಲಸಕ್ಕೆ ಹಚ್ಚುವ ಮುಕಾದಮ ಕಾಸೀಮಸಾಬ ನನಗೆ ದೂರದಿಂದ ಚಾಚಾ ಆಗಬೇಕು. ಅವನನ್ನೂ ಕೇಳಿದೆ. ಎರಡು ತಾಸು ಜಾಗ ಹಿಡಿ ಚಾಚಾ ಅಂದೆ.

"ಹುಚ್ಚರ ಸಭಾಕ್ಕ ಹೋಗ್ತೀಯಂತಲ್ಲ, ಮಾಲೀಕರ ಕಿವಿಗೆ ಬಿದ್ದೈತಿ," ಅಂದ. "ಹುಚ್ಚಿ ಕೈಯಾಗ ರಾಶಿ ಯಾಕ ಕೊಟ್ಟೀದಿ ಅಂತ ನನ್ನ ಕೇಳಿದ್ರು. ಸುಮ್ಮನ ಕುಂತ ತುಂಬು ಬಿಡಸು ಬೇಟಿ. ಎದ್ದಿ ಅಂದ್ರ ನನ್ನ ಕೈಯಾಗ ಏನಿಲ್ಲ."

ಅತ್ತ ದರಿ, ಇತ್ತ ಪುಲಿ.

ಗುತ್ತೆವ್ವ ಮೊದಲು ಬಿಟ್ಟಳು. ಒಂದು ಗುರುವಾರ, ಎರಡು, ಮೂರು. ನಾಲ್ಕನೇ ವಾರ ಜೀಪಿನ ಡ್ರೈವರು ಗೋದಾಮಿನ ಬಾಗಿಲಿಗೆ ಬಂದು ಅವಳನ್ನು ಕರೆದ. ಕೈಯಲ್ಲಿ ಹಾಜರಿ ಪುಸ್ತಕ, ಒಂದು ಶಾಯಿ ಪ್ಯಾಡು. "ಹೆಬ್ಬಟ್ಟ ಒತ್ತು" ಅಂದ. ಗುಳಿಗೆಗೆ ಇರಬೇಕು ಎಂದು ಅವಳು ಒತ್ತಿದಳು. ಕಾಗದದ ಮೇಲೆ ಕರಿ ಮಚ್ಚೆ ಮೂಡಿತು, ಗೆರೆ ಒಂದೂ ಇಲ್ಲ. ಡ್ರೈವರು ನಕ್ಕ. "ಇದೇನ ಬೇ, ಬೆರಳಿಗೆ ಗುರತನ ಇಲ್ಲ?" ಅಂದ. ಗುತ್ತೆವ್ವನೂ ನಕ್ಕಳು. "ಮೆಣಸಿನಕಾಯಿ ತಿಂದಾವು ನೋಡಪಾ," ಅಂದಳು. ಗುಳಿಗೆ ಕೊಡಲಿಲ್ಲ. ಮುಂದಿನ ಗುರುವಾರವೂ ಕೊಡಲಿಲ್ಲ. ಕೇಳಲು ಹೋದರೆ ಹೆಸರೇ ಇಲ್ಲ ಅಂದರು.

ಇಪ್ಪತ್ತು ದಿನ ಅವಳು ನನ್ನ ಪಕ್ಕ ಕುಳಿತೇ ಕರಗುವುದನ್ನು ನೋಡಿದೆ. ಮೊದಲು ನಗು ಹೋಯಿತು. ಆಮೇಲೆ ಮಾತು. ಒಂದು ದಿನ ತುಂಬು ಕಿತ್ತು ಕಾಯಿಯನ್ನು ಎಸೆದು ತುಂಬನ್ನೇ ಬುಟ್ಟಿಗೆ ಹಾಕತೊಡಗಿದಳು. ಕಾಸೀಮಸಾಬ ಎಬ್ಬಿಸಿ ಕಳಿಸಿದ. ಮರುದಿನ ಅವಳ ಅತ್ತೆ ಮುದುಕವ್ವ ನನ್ನ ಮನೆಗೆ ಬಂದಳು. ನಾನು ಓಡಿದೆ.

ಅಂಗಳದ ಬೇವಿನ ಮರಕ್ಕೆ ಕಟ್ಟಿದ್ದರು. ಎಡಗಾಲು. ಚಕ್ಕಡಿಯ ಹಗ್ಗ.

"ನಾ ಏನ ಮಾಡ್ಲಿ ಯವ್ವಾ," ಮುದುಕವ್ವ ಎದೆ ಬಡಿದುಕೊಂಡಳು. "ಬಾವಿ ಕಡೆ ಓಡತಾಳ. ನನಗ ಹಿಡಿಯಾಕ ಆಗಂಗಿಲ್ಲ."

ಗುತ್ತೆವ್ವ ನನ್ನ ಮುಖ ನೋಡಿದಳು. ಗುರುತು ಹಿಡಿದಳೋ ಇಲ್ಲವೋ ತಿಳಿಯಲಿಲ್ಲ. ಅವಳ ಕೈಬೆರಳು ಮಾತ್ರ ಗಾಳಿಯಲ್ಲಿ ತುಂಬು ಬಿಡಿಸುತ್ತಲೇ ಇತ್ತು. ನನ್ನ ಎಡಗಾಲಿನ ಹಳೇ ಗಾಯ ಉರಿಯಿತು. ಮನೆಗೆ ಬಂದು ನೋಡಿದೆ. ದಿನ ಬಿಟ್ಟು ದಿನ ಅರ್ಧರ್ಧ ನುಂಗಿಯೂ ನನ್ನ ಡಬ್ಬಿಯಲ್ಲಿ ನಾಲ್ಕೇ ಗುಳಿಗೆ ಉಳಿದಿದ್ದವು. ನಾನೂ ಮೂರು ಗುರುವಾರ ತಪ್ಪಿಸಿದ್ದೆ. ನಮ್ಮ ಪಡಸಾಲೆಯ ಕಂಬ ಅಲ್ಲೇ ಇತ್ತು.

ಮರುದಿನ ಗುರುವಾರ. ಹೊಸ ರಾಶಿ ಬಿತ್ತು. ನಾನು ಜಾಗ ಹಿಡಿದು ಕುಳಿತೆ. ಹತ್ತೂವರೆಗೆ ಡ್ರೈವರು ಬಂದ. "ಕುಲ್ಸುಮಬಿ ಯಾರು? ದೊಡ್ಡ ಡಾಕ್ಟರು ಬಂದಾರ. ಒಂದ ಹೆಬ್ಬಟ್ಟ ಒತ್ತೋದೈತಿ, ಬಾ," ಅಂದ.

ನಾನು ಎದ್ದೆ.

"ಎದ್ರ ರಾಶಿ ಹೋತು ನೋಡು," ಅಂದ ಕಾಸೀಮಸಾಬ.

"ಹೋಗ್ಲಿ ಚಾಚಾ."

ಹಿಂದೆ ತಿರುಗಿ ನೋಡಲಿಲ್ಲ. ನೋಡಿದ್ದರೆ ಮತ್ತೆ ಕೂತುಬಿಡುತ್ತಿದ್ದೆ. ಅಷ್ಟು ಭಯವಿತ್ತು.

ಸೀರೆ ಕೊಡವಲಿಲ್ಲ, ಕೈ ತೊಳೆಯಲಿಲ್ಲ. ಅಭ್ಯಾಸ ಕೆಟ್ಟದ್ದು, ಕಾಲು ತಾನಾಗಿ ಕಟ್ಟೆಗೇ ಹೋಯಿತು. ಕುಳಿತೆ. ಒಳಗೆ ದುಂಡು ಇನ್ನೂ ಶುರುವಾಗಿರಲಿಲ್ಲ. ಮೈಸೂರು ಕಡೆಯ ಡಾಕ್ಟರಮ್ಮ ಒಬ್ಬರು ಕುರ್ಚಿಯ ಮೇಲೆ ಕುಳಿತು ಹಾಜರಿ ಪುಸ್ತಕ ತಿರುವುತ್ತಿದ್ದರು. ದಪ್ಪ ಪುಸ್ತಕ, ನೀಲಿ ಬಟ್ಟೆಯ ರಟ್ಟು.

"ಇಪ್ಪತ್ಮೂರು ಹೆಸರಲ್ಲಿ ಹನ್ನೊಂದು ಜನ ಬರ್ತಾನೇ ಇಲ್ಲ. ಎಲ್ಲ ಜನವರಿಯಿಂದ. ಯಾಕೆ?" ಕೇಳಿದರು.

"ತಿಳುವಳಿಕೆ ಕಡಿಮಿ ಮೇಡಂ," ಅಂದರು ಪ್ರಭುಲಿಂಗಪ್ಪ ಸರ್. "ಗುಡಿ, ದರ್ಗಾ, ತಾಯ್ತ ಅಂತ ಹೋಗತಾರ. ಎಷ್ಟ ಹೇಳಿದ್ರೂ ಅಷ್ಟ. ಆಸಕ್ತಿ ಇಲ್ಲ."

ನನಗೆ ಮೈ ಉರಿಯಿತು. ಮೆಣಸಿನಕಾಯಿಯ ಉರಿ ಬೇರೆ, ಇದು ಬೇರೆ. ಬಾಗಿಲಲ್ಲಿ ನಿಂತೆ. ಯಾರೋ ಸೀನಿದರು.

"ಬಾರವ್ವಾ, ಇಲ್ಲೊಂದ ಗುರತ ಹಾಕು," ಎಂದು ಪ್ರಭುಲಿಂಗಪ್ಪ ಸರ್ ಪುಸ್ತಕವನ್ನು ಬಾಗಿಲ ಹತ್ತಿರದ ಮೇಜಿಗೆ ತಂದರು. ಒಂದು ಸಾಲಿನ ಮೇಲೆ ಬೆರಳಿಟ್ಟು ಶಾಯಿ ಪ್ಯಾಡು ನನ್ನ ಕಡೆ ಸರಿಸಿದರು. ಇಷ್ಟು ತಿಂಗಳಲ್ಲಿ ನನಗೆ ಓದು ಬರುತ್ತದೆಯೇ ಎಂದು ಅವರು ಒಮ್ಮೆಯೂ ಕೇಳಿರಲಿಲ್ಲ. ನಾನು ಏಳನೇ ಇಯತ್ತೆ ಪಾಸಾದವಳು.

ಜೋರಾಗಿ ಓದಿದೆ. "ಕುಲ್ಸುಮಬಿ, ವಯಸ್ಸು ಇಪ್ಪತ್ತಾರು. ಆಸಕ್ತಿ ಇಲ್ಲ. ಸ್ವಂತ ಇಚ್ಛೆಯಿಂದ ಬಿಟ್ಟಿರುತ್ತಾರೆ."

ಮೇಲಿನ ಸಾಲು ಓದಿದೆ. "ಗುತ್ತೆವ್ವ, ವಯಸ್ಸು ಮೂವತ್ತಾರು. ಆಸಕ್ತಿ ಇಲ್ಲ." ಪಕ್ಕದಲ್ಲಿ ಗೆರೆಯಿಲ್ಲದ ಕರಿ ಮಚ್ಚೆ. ಪುಟ ತಿರುವಿದೆ. ಮೈಮುನಾಬಿ, ಆಸಕ್ತಿ ಇಲ್ಲ. ಕರೆವ್ವ, ಆಸಕ್ತಿ ಇಲ್ಲ. ಹನ್ನೊಂದೂ ಹೆಸರು ನನಗೆ ಗೊತ್ತು. ಎಲ್ಲರೂ ತುಂಬು ಬಿಡಿಸುವವರು, ಚೀಲ ಹೊರುವವರು. ಬೇರೆ ಬೇರೆ ಗೋದಾಮು, ಅದೇ ಗುರುವಾರ.

"ಸಾಕು, ಇಲ್ಲಿ ಕೊಡು," ಪ್ರಭುಲಿಂಗಪ್ಪ ಸರ್ ಕೈ ಚಾಚಿದರು. "ಗುರತ ಹಾಕಿ ಹೋಗು. ಈ ವಾರದ ಗುಳಿಗಿ ಕೊಡಸ್ತೇನಿ."

"ನಾ ಒತ್ತಂಗಿಲ್ಲ."

"ಏನಂದಿ?"

"ಒತ್ತಂಗಿಲ್ಲ ಅಂದೆ. ಸುಳ್ಳಿಗೆ ಹೆಬ್ಬಟ್ಟ ಒತ್ತಂಗಿಲ್ಲ. ನನ್ನ ಹೆಬ್ಬಟ್ಟಿನ್ಯಾಗ ಗೆರಿ ಇಲ್ರಿ ಸರ್, ನೋಡ್ರಿ. ಎಲ್ಲಿ ಹೋದವು ಅಂತ ಕೇಳ್ರಿ. ವಾರ ಬದಲಿ ಮಾಡ್ರಿ ಅಂತ ನಿಮ್ಮ ಮುಂದ ಬಂದ ನಿಂತಿದ್ದೆ. ಅದನ್ನ ಯಾಕ ಬರೀಲಿಲ್ಲ? ಕಟ್ಟಿ ಮ್ಯಾಲ ಕುಂಡ್ರಿಸಿದ್ರಿ. ಅದನ್ನ ಯಾಕ ಬರೀಲಿಲ್ಲ? ಆಸಕ್ತಿ ಯಾರಿಗಿಲ್ರಿ? ನಮಗೋ ನಿಮಗೋ?"

ಡಾಕ್ಟರಮ್ಮ ಎದ್ದು ನಿಂತರು. "ಏನಮ್ಮ, ಸಮಾಧಾನ. ಕೂತ್ಕೊಂಡು ಮಾತಾಡೋಣ. ಪುಸ್ತಕ ಕೊಡಿ ಮೊದಲು."

ಕೂತುಕೋ. ಸಮಾಧಾನ. ತಿಂಗಳುಗಟ್ಟಲೆ ಕೇಳಿದ ಮಾತು. ಕೂತರೆ ಮತ್ತೆ ಕಿಟಕಿಯ ಹೊರಗೇ ಕೂಡಿಸುತ್ತಾರೆ. ನಾನು ಪುಸ್ತಕ ಮುಚ್ಚಿ ಎದೆಗೆ ಅವುಚಿಕೊಂಡೆ.

"ಗುತ್ತೆವ್ವ ಗೈರುಹಾಜರಿ ಅಲ್ರಿ ಮೇಡಂ. ಕೆಳಗಿನ ಓಣ್ಯಾಗ ಬೇವಿನ ಗಿಡಕ್ಕ ಕಟ್ಟ್ಯಾರ. ಆಕಿ ಎಲ್ಲೂ ಹೋಗಂಗಿಲ್ಲ. ಹಾಜರಿ ಅಲ್ಲೇ ತೊಗೊಳ್ಳೋಣ ಬರ್ರಿ."

ಹೊರಬಿದ್ದೆ. ಡ್ರೈವರು ಓಡಿಬಂದು ಪುಸ್ತಕದ ಅಂಚು ಹಿಡಿದ. ನಾನು ಬಿಡಲಿಲ್ಲ. "ಸರಕಾರಿ ಪುಸ್ತಕ ಐತಿ, ಪೊಲೀಸರನ್ನ ಕರೀತೇನಿ," ಅಂದ. "ಕರಿ" ಅಂದೆ. ಎಳೆದಾಟದಲ್ಲಿ ನನ್ನ ಸೆರಗಿನ ಖಾರ ಅವನ ಮುಖಕ್ಕೆ ಹಾರಿತು. ಅವನು ಕಣ್ಣು ಮುಚ್ಚಿಕೊಂಡು ಕುಸಿದ. ಬೇಕೆಂದು ಮಾಡಿದ್ದಲ್ಲ. ಆದರೆ ಸುಳ್ಳು ಯಾಕೆ ಹೇಳಲಿ, ಆ ಕ್ಷಣ ನನಗೆ ಸಂತೋಷವಾಯಿತು.

"ಬಿಡ್ರಿ ಆಕಿನ್ನ!" ಕಟ್ಟೆಯ ಮೇಲಿಂದ ಯಾರೋ ಕೂಗಿದರು. ನೋಡಿದರೆ ಅಂದಾನೆಪ್ಪನವರು. ಕರವಸ್ತ್ರ ಮೂಗಿನ ಮೇಲಿತ್ತು. "ಆಕಿ ಖರೇನ ಹೇಳಾಕತ್ತಾಳ," ಅಂದರು.

ಸ್ಟೇಷನ್ ರಸ್ತೆಯಲ್ಲಿ ನಡೆದೆ. ಪೇಟೆಯ ದಿನ. ಡ್ರೈವರು ಕಣ್ಣು ತೊಳೆದುಕೊಂಡು ಹೊರಟಿರಬೇಕು, ಚೀಲ ಹೇರಿದ ಚಕ್ಕಡಿಗಳ ನಡುವೆ ಜೀಪು ಹಾರ್ನು ಹೊಡೆಯುತ್ತ ಹಿಂದೆ ಬಂತು. ಗಂಡನಿಗೆ ಗೊತ್ತಾದರೆ? ಮಾಲೀಕರಿಗೆ ಗೊತ್ತಾದರೆ? ನಿಜವಾಗಿ ಪೊಲೀಸರು ಬಂದರೆ ಹುಚ್ಚಿ ಎಂದು ಎಲ್ಲಿಗೆ ಒಯ್ದು ಹಾಕುತ್ತಾರೋ. ತಲೆಯೊಳಗಿನವಳು ಎದ್ದುಬಿಟ್ಟಾಳು ಎಂಬ ಭಯ ಎಲ್ಲಕ್ಕಿಂತ ದೊಡ್ಡದಿತ್ತು. ಅವಳು ಏಳಲಿಲ್ಲ. ನನ್ನ ಮಾತೇ ತಲೆ ತುಂಬ ಇತ್ತು, ಅವಳಿಗೆ ಜಾಗವಿರಲಿಲ್ಲ.

ಕೆಳಗಿನ ಓಣಿಗೆ ಜೀಪು ಹೋಗುವುದಿಲ್ಲ. ದಾರಿಯ ಎರಡೂ ಕಡೆ ಚಾಪೆಯ ಮೇಲೆ ಮೆಣಸಿನಕಾಯಿ ಒಣಹಾಕಿದ್ದರು. ಡಾಕ್ಟರಮ್ಮ ಇಳಿದು ನಡೆದರು, ಸೀನುತ್ತ, ಕಣ್ಣೊರೆಸಿಕೊಳ್ಳುತ್ತ. ಹಿಂದೆ ಪ್ರಭುಲಿಂಗಪ್ಪ ಸರ್. ಅಂದಾನೆಪ್ಪನವರು ಓಣಿಯ ಬಾಯಿಯವರೆಗೆ ಬಂದರು. ಅಲ್ಲಿ ನಿಂತು ತಮ್ಮ ಬಿರಿದ ಕೈ ನೋಡಿಕೊಂಡರು. ಒಳಗೆ ಬರಲಿಲ್ಲ. ಅಷ್ಟು ಬಂದದ್ದನ್ನು ನಾನು ಮರೆತಿಲ್ಲ. ಅಷ್ಟೇ ಬಂದದ್ದನ್ನೂ ಮರೆತಿಲ್ಲ.

ಗುತ್ತೆವ್ವ ಬೇವಿನ ಮರಕ್ಕೆ ಒರಗಿ ಕುಳಿತಿದ್ದಳು. ಕಾಲಿನ ಹತ್ತಿರ ಒಣಗಿದ ರೊಟ್ಟಿ, ನೊಣ. ಹಗ್ಗ ಉಜ್ಜಿ ರಕ್ತ ಬಂದಿತ್ತು. ಬೆರಳು ಗಾಳಿಯಲ್ಲಿ ತುಂಬು ಬಿಡಿಸುತ್ತಿತ್ತು. ಪ್ರಭುಲಿಂಗಪ್ಪ ಸರ್ ಬೇಲಿಯ ಹೊರಗೇ ನಿಂತುಬಿಟ್ಟರು.

"ಒಳಗ ಬರ್ರಿ ಸರ್," ಅಂದೆ. "ನಾವು ಯಾರನ್ನೂ ಹೊರಗ ಕುಂಡ್ರಸಂಗಿಲ್ಲ."

ಅವರು ಬಂದರು. ತಲೆ ಎತ್ತಲಿಲ್ಲ. ಮುದುಕವ್ವ ಚಾಪೆ ತರಲು ಹೋದಳು. ಡಾಕ್ಟರಮ್ಮ ಕಾಯಲಿಲ್ಲ. ನೆಲದ ಮೇಲೆ ಕುಳಿತು ಹಗ್ಗದ ಗಂಟಿಗೆ ಕೈ ಹಾಕಿದರು. ಗಂಟು ಬಿಗಿಯಾಗಿತ್ತು, ಅವರ ಕೈಗೆ ಬರಲಿಲ್ಲ. ಉಗುರಿನ ಕೆಲಸ ಅದು. ನಾನು ಬಿಚ್ಚಿದೆ.

"ಎಷ್ಟು ದಿನ ಆಯ್ತು ಮಾತ್ರೆ ನಿಲ್ಲಿಸಿ?" ಕೇಳಿದರು.

"ನಾವು ನಿಲ್ಲಸಿಲ್ರಿ. ನೀವು ನಿಲ್ಲಿಸೀರಿ."

ಅವರು ಪ್ರಭುಲಿಂಗಪ್ಪ ಸರ್ ಕಡೆ ನೋಡಿದರು. ಸರ್ ಕೆಳಗೆ ಬಿದ್ದ ಬೇವಿನ ಎಲೆ ನೋಡುತ್ತಿದ್ದರು. ಡಾಕ್ಟರಮ್ಮ ನನ್ನನ್ನು ಕೇಳಿದರು, "ನಿಮಗೆ ಯಾವ ದಿನ ಆದ್ರೆ ಬರೋಕೆ ಆಗುತ್ತಮ್ಮ?"

ಎಷ್ಟೋ ತಿಂಗಳಿಂದ ಜೀಪು ಬಂದು ಹೋಗುತ್ತಿತ್ತು. ಪ್ರತಿ ವಾರ ನಮ್ಮನ್ನು ಕೇಳಿದ್ದರು. ನಿದ್ದೆ ಬರತೈತೇನು, ಹಸಿವು ಆಗತೈತೇನು, ಕಿವ್ಯಾಗ ಯಾರರ ಮಾತಾಡತಾರೇನು? ಈ ಒಂದು ಪ್ರಶ್ನೆ ಮಾತ್ರ ಕೇಳಿರಲಿಲ್ಲ. ಉತ್ತರ ನನ್ನ ನಾಲಿಗೆಯ ಮೇಲಿತ್ತು.

"ಆಕಿನ್ನ ಕೇಳ್ರಿ," ಅಂದೆ.

ಡಾಕ್ಟರಮ್ಮ ಅವಳ ಕಡೆ ತಿರುಗಿ ಮತ್ತೆ ಕೇಳಿದರು. ಗುತ್ತೆವ್ವನ ಬೆರಳು ಆಡುತ್ತಲೇ ಇತ್ತು. ಮುದುಕವ್ವ, "ಆಕಿಗೆಲ್ಲಿ ತಿಳೀತೈತ್ರಿ," ಅಂದಳು. ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ಸುಲಿದ ಬೆರಳಿಗೆ ಸುಲಿದ ಬೆರಳು ತಾಗಿ ಇಬ್ಬರಿಗೂ ಉರಿಯಿತು. ಅವಳು ನನ್ನ ಮುಖ ನೋಡಿದಳು. ಆಮೇಲೆ ಬೇಲಿಯ ಹತ್ತಿರ ನಿಂತವರ ಬೂಟು, ಆಮೇಲೆ ನನ್ನ ತೊಡೆಯ ಮೇಲಿದ್ದ ನೀಲಿ ಪುಸ್ತಕ.

"ಬುಧವಾರ," ಅಂದಳು. ದನಿ ಒಡೆದಿತ್ತು. "ಬುಧವಾರ ಮಧ್ಯಾನ ಬರ್ರಿ. ಅವತ್ತ ರಾಶಿ ಮುಗದಿರತೈತಿ."

ನಾನು ಪ್ರಭುಲಿಂಗಪ್ಪ ಸರ್ ಜೇಬಿನ ಪೆನ್ನಿಗೆ ಕೈ ಚಾಚಿದೆ. ಅವರು ತೆಗೆದುಕೊಟ್ಟರು. ಪುಸ್ತಕ ಬಿಚ್ಚಿದೆ. ಅವಳ ಹೆಸರಿನ ಮುಂದಿನ ಎರಡು ಶಬ್ದದ ಮೇಲೆ ಗೀಟು ಎಳೆದು ‘ಹಾಜರ್’ ಎಂದು ಬರೆದೆ. ನನ್ನದೂ ಸೇರಿ ಉಳಿದ ಹತ್ತು ಸಾಲಿಗೂ ಗೀಟು ಎಳೆದೆ. ಅವುಗಳ ಮುಂದೆ ಏನೂ ಬರೆಯಲಿಲ್ಲ. ಅದನ್ನು ಅವರವರನ್ನೇ ಕೇಳಿ ಬರೆಯಲಿ ಎಂದು ಪುಸ್ತಕವನ್ನು ಡಾಕ್ಟರಮ್ಮನ ಕೈಗೆ ಕೊಟ್ಟೆ.

ನನ್ನ ರಾಶಿ ಅವತ್ತು ಹೋಯಿತು. ನಾನು ಸೋಮವಾರದವರೆಗೆ ಗುತ್ತೆವ್ವನ ಅಂಗಳದಲ್ಲೇ ಕುಳಿತೆ, ಡಾಕ್ಟರಮ್ಮ ಕೊಟ್ಟುಹೋದ ಗುಳಿಗೆಯನ್ನು ಅವಳಿಗೆ ಹೊತ್ತೊತ್ತಿಗೆ ನುಂಗಿಸುತ್ತ. ಆ ಹಗ್ಗವನ್ನು ಮುದುಕವ್ವ ಸೌದೆಯ ಜೊತೆ ಒಲೆಗೆ ಹಾಕಿದಳು.